ನೀಲಿ ಹಾಕಿ ಒಗೆದ ಸರಸ್ವತಿ

ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ತೂಗುತ್ತಿದ್ದ, ರವಿವರ್ಮ ಮುದ್ರಣಾಲಯದ ಸರಸ್ವತಿಯ ಪಟ ಬಂಧುಗಳಿಗೆಲ್ಲ ನೆನಪಿರಬಹುದು. ನಾವೆಲ್ಲ ಅಕ್ಷರಾಭ್ಯಾಸಕ್ಕೆ ಕುಳಿತದ್ದು ಅದರ ಮುಂದೆಯೇ. ಕಿಟಕಿಯ ಬಿಸಿಲಿಗೆ ಅದರ ಬಣ್ಣ ಮಾಸಿತ್ತು. ಕಳೆದ ತಿಂಗಳು ನನ್ನ ತಮ್ಮನ ಮಗ ಅದನ್ನು ಪಟ್ಟಣದ ಸ್ಟುಡಿಯೋ ಒಂದಕ್ಕೆ ಒಯ್ದು, ಸ್ಕ್ಯಾನ್ ಮಾಡಿಸಿ, ‘ಹೊಸದರಂತೆ’ ಮುದ್ರಿಸಿ ತಂದನು. ತಂದವನೇ ಕೇಳಿದ: “ದೊಡ್ಡಪ್ಪ, ಹಳೆಯದನ್ನು ಅರಳಿಕಟ್ಟೆಯಲ್ಲಿ ಇಟ್ಟುಬರಲೇ?”

ಆ ಪ್ರಶ್ನೆಗೆ ಉತ್ತರವಾಗಿಯೇ ಈ ಬರೆಹ.

ಹೊಸ ಪಟದಲ್ಲಿ ದೇವಿಯ ಸೀರೆ ನೀಲಿ ಹಾಕಿ ಒಗೆದ ಪಂಚೆಯಂತಿದೆ. ನವಿಲು ಪ್ಲಾಸ್ಟಿಕ್ಕಿನದು. ಕಲ್ಲಚ್ಚಿನ ಸಣ್ಣ ಚುಕ್ಕೆಗಳನ್ನು ಕೊಳೆಯೆಂದು ಬಗೆದು ಮುಖದಿಂದ ಒರೆಸಿಹಾಕಲಾಗಿದೆ. ಆ ಚುಕ್ಕೆಗಳಲ್ಲವೇ ಅಂದಿನ ಕುಶಲಕರ್ಮಿಯ ಕೈಬರೆಹ! ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಒಂದರ ಮೇಲೊಂದು ಅಚ್ಚೊತ್ತಿ, ಕೊನೆಗೆ ವಾರ್ನಿಶ್ ಬಳಿದ ಪಟಗಳು ಅವು. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಆ ಮುದ್ರಣಾಲಯ ಮುಂದೆ ಲೋನಾವಳದ ಬಳಿಯ ಮಳವಲಿಗೆ ಹೋಗಿ, 1972ರಲ್ಲಿ ಬೆಂಕಿಗೆ ತುತ್ತಾಯಿತು. ಅಲ್ಲಿಂದ ಇನ್ನೊಂದು ಪ್ರತಿ ತರಿಸುವಂತಿಲ್ಲ.

ಶಾಯಿಗಳೆಲ್ಲ ಒಂದೇ ಸಮನಾಗಿ ಮಾಸುವುದಿಲ್ಲ. ಕೆಲವು ಕೆಂಪುಗಳು ಬೆಳಕಿಗೆ ಬೇಗ ಸೋಲುತ್ತವೆ. ಕಾಗದವೂ ವಾರ್ನಿಶೂ ಹಳದಿಗಟ್ಟುತ್ತವೆ. ಇದರಲ್ಲಿ ಎಷ್ಟು ಹಳದಿ ಕಾಲದ್ದು, ಎಷ್ಟು ಕಲಾವಿದನದು ಎಂಬುದನ್ನು ಯಂತ್ರ ತಾನಾಗಿ ಹೇಗೆ ತಿಳಿಯಬೇಕು? ಗುಂಡಿ ಒತ್ತಿದೊಡನೆ ಅದು ಹಳದಿಯನ್ನೆಲ್ಲ ದೋಷವೆಂದೇ ಕಳೆಯುತ್ತದೆ. ನಾನು ಚೌಕಟ್ಟು ಬಿಚ್ಚಿ ನೋಡಿದೆ. ಕಟ್ಟಿನಡಿಯ ಬೆರಳಗಲದ ಪಟ್ಟಿಗೆ ಬಿಸಿಲೇ ತಾಗಿರಲಿಲ್ಲ. ಅಲ್ಲಿ ಉಳಿದಿದ್ದ ಹಸಿರು ಹೊಸ ಪಟದ ಹಸಿರಿಗಿಂತ ಎಷ್ಟೋ ಗಂಭೀರವಾದುದು. ಸಾಕ್ಷಿ ಕೈಯಲ್ಲೇ ಇತ್ತು, ಯಾರೂ ವಿಚಾರಿಸಲಿಲ್ಲ.

ಮೇಷ್ಟರಿಗೆ ಗಣಕವೆಂದರೆ ಆಗದು ಎಂದು ಶಿಷ್ಯರು ನಗಬೇಡಿ. ಇದೇ ಯಂತ್ರವನ್ನು ವಿವೇಕದಿಂದ ಬಳಸಿದವರಿದ್ದಾರೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೋಜನಶಾಲೆಯೊಂದರಲ್ಲಿ 1964ರಲ್ಲಿ ಮಾರ್ಕ್ ರಾತ್ಕೊನ ದೊಡ್ಡ ಕ್ಯಾನ್ವಾಸುಗಳನ್ನು ತೂಗುಹಾಕಿದ್ದರು. ಅವು ಅಚ್ಚಿನ ಪಟಗಳಲ್ಲ, ವರ್ಣಚಿತ್ರಗಳು. ಆದರೆ ರೋಗ ಒಂದೇ. ಬಿಸಿಲಿಗೆ ಕೆಂಪು ಹಾರಿಹೋಯಿತು. 2014ರ ಪ್ರದರ್ಶನದಲ್ಲಿ ಸಂರಕ್ಷಕರು ಅವುಗಳಿಗೆ ಕುಂಚ ತಾಗಿಸಲಿಲ್ಲ. ಹಳೆಯ ಛಾಯಾಚಿತ್ರಗಳನ್ನೂ, ಅದೇ ಸರಣಿಯಲ್ಲಿ ಮಾಸದೆ ಉಳಿದಿದ್ದ ಇನ್ನೊಂದು ಚಿತ್ರವನ್ನೂ ಆಧರಿಸಿ, ಕಳೆದುಹೋದ ಬಣ್ಣವನ್ನಷ್ಟೇ ಲೆಕ್ಕಹಾಕಿ ಪ್ರೊಜೆಕ್ಟರಿನ ಬೆಳಕಾಗಿ ಬೀಳಿಸಿದರು. ದಿನಕ್ಕೊಮ್ಮೆ ಆ ಬೆಳಕನ್ನು ಆರಿಸಿ ಮಾಸಿದ ರೂಪವನ್ನೂ ತೋರಿಸುತ್ತಿದ್ದರು. ಪ್ರಾಮಾಣಿಕತೆಯೆಂದರೆ ಅದು. ನಮ್ಮಲ್ಲಿ ಮಾತ್ರ ಊಹೆಯನ್ನು ಮುದ್ರಿಸಿ, ಮೂಲವನ್ನು ಮರದಡಿಯ ಮಳೆಗೆ ಬಿಡುವ ಆತುರ.

ಹಳೆಯ ಪಟ ಈಗ ಬಿಸಿಲು ಬೀಳದ ಒಳಕೋಣೆಯ ಗೋಡೆಯ ಮೇಲಿದೆ. ಹೊಸದನ್ನು ತಮ್ಮನ ಮಗ ತನ್ನ ಮನೆಗೆ ಒಯ್ದಿದ್ದಾನೆ. ಅದರ ಬೆನ್ನಿಗೆ ಮುದ್ರಿಸಿದ ವರ್ಷವನ್ನೂ ‘ಬಣ್ಣ ಊಹೆಯದು’ ಎಂಬುದನ್ನೂ ನಾನೇ ಬರೆದುಕೊಟ್ಟಿದ್ದೇನೆ.