ಠಾಣೆಯ ರಾಜಿ ಸಾಕು, ಮೇಯೋ ಹಾಲ್‌ನಲ್ಲಿ ಚಿಕಿತ್ಸೆಯ ಕೋರ್ಟು ಬೇಕು

2025ರ ಏಪ್ರಿಲ್ 21ರಂದು ಸಿ.ವಿ. ರಾಮನ್ ನಗರದ ಹತ್ತಿರ ವಾಯುಪಡೆಯ ಅಧಿಕಾರಿಯೊಬ್ಬರಿಗೂ ಬೈಕ್ ಸವಾರರೊಬ್ಬರಿಗೂ ನಡೆದ ಹೊಡೆದಾಟವನ್ನು ಬೆಂಗಳೂರಿನವರು ಮರೆತಿರಲಾರರು. ಮುಖಕ್ಕೆ ರಕ್ತ ಮೆತ್ತಿದ್ದ ಅಧಿಕಾರಿಯ ವಿಡಿಯೊ ಮೊದಲು ಬಂತು. ದೇಶ ಕಾಯುವವರಿಗೇ ಈ ಗತಿಯೇ ಎಂದು ಊರೂರಲ್ಲಿ ಕೂಗೆದ್ದಿತು, ಸವಾರರ ಬಂಧನವಾಯಿತು. ಆಮೇಲೆ ಸಿಸಿಟಿವಿ ದೃಶ್ಯ ಹೊರಬಿತ್ತು. ಬೈಯಪ್ಪನಹಳ್ಳಿ ಪೊಲೀಸರು ಅಧಿಕಾರಿಯ ಮೇಲೂ ಕೇಸು ದಾಖಲಿಸಿದರು, ಕೂಗು ಆ ಕಡೆಯಿಂದ ಈ ಕಡೆಗೆ ತಿರುಗಿತು.

ತಪ್ಪು ಯಾರದೆಂದು ನ್ಯಾಯಾಲಯ ಹೇಳಬೇಕು, ನಾನು ಹೇಳುವುದಿಲ್ಲ. ನನ್ನನ್ನು ಕಾಡಿದ್ದು ಆ ದಿನಗಳ ಚರ್ಚೆ. ಸಮವಸ್ತ್ರ ಕಂಡರೆ ಒಂದೋ ಕೈಮುಗಿಯುತ್ತೇವೆ, ಇಲ್ಲವೇ ಕಲ್ಲೆತ್ತಿಕೊಳ್ಳುತ್ತೇವೆ. ಸಮವಸ್ತ್ರ ಕಳಚಿಟ್ಟು ವರ್ಷಗಳಾದ, ವಕೀಲರ ಗುರುತೂ ಇಲ್ಲದ ಒಬ್ಬ ಜವಾನರು ಇದೇ ಪೂರ್ವ ಬೆಂಗಳೂರಿನ ಬೀದಿಯಲ್ಲಿ ಕೈ ಎತ್ತಿದರೆ ಏನಾಗುತ್ತದೆಂದು ಆಗ ಯಾರೂ ಕೇಳಲಿಲ್ಲ. ಏನಾಗುತ್ತದೆಂದು ನಾನು ನೋಡಿದ್ದೇನೆ.

ಲಿಂಗರಾಜಪುರದ ನಮ್ಮ ಓಣಿಯ ಕೊನೆಯ ಬಾಡಿಗೆ ಮನೆಗೆ ಕೆಲವು ವರ್ಷಗಳ ಹಿಂದೆ ಹಾವೇರಿ ಕಡೆಯ ಒಂದು ಕುಟುಂಬ ಬಂತು. ಮನೆಯ ಯಜಮಾನರು ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹದಿನೇಳು ವರ್ಷ ಇದ್ದು ಹವಾಲ್ದಾರರಾಗಿ ನಿವೃತ್ತರಾದವರು. ಹಲಸೂರು ಕೆರೆಯ ದಂಡೆಯಲ್ಲಿರುವ ಆ ಪಡೆಯ ಎಂಇಜಿ ಸೆಂಟರಿನಲ್ಲಿ ತರಬೇತಿ ಪಡೆದವರು ನಿವೃತ್ತಿಯಾದ ಮೇಲೆ ಈ ಸುತ್ತಿನಲ್ಲೇ ಮನೆ ಹುಡುಕುವುದು ಹಿಂದಿನಿಂದ ಬಂದದ್ದು. ಸೇನೆಯ ಕ್ಯಾಂಟೀನು, ಆಸ್ಪತ್ರೆ, ಹಳೆಯ ಸಂಗಡಿಗರು ಎಲ್ಲ ಹತ್ತಿರ. ಅವರಿಗೆ ಕಮ್ಮನಹಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ರಾತ್ರಿ ಪಾಳಿಯ ಸೆಕ್ಯೂರಿಟಿ ಕೆಲಸ ಸಿಕ್ಕಿತು. ಸ್ಯಾಪರ್ ಎಂದರೆ ಸೇತುವೆ ಕಟ್ಟುವವನು, ರಸ್ತೆ ಹಾಕುವವನು, ನೆಲಬಾಂಬ್ ಹೂಳುವವನು, ಹೂತದ್ದನ್ನು ತೆಗೆಯುವವನು. ಇವರು ತೆಗೆದವರು.

ಒಂದು ಬೇಸಿಗೆಯಲ್ಲಿ ನಮ್ಮ ಓಣಿಯನ್ನು ಪೈಪಿಗಾಗಿ ಅಗೆದು ಮುಚ್ಚಿದರು. ಮುಚ್ಚಿದ ಮಣ್ಣಿನ ಪಟ್ಟಿ ರಸ್ತೆಯ ಎಡಕ್ಕೆ ಉದ್ದಕ್ಕೂ ಬಿದ್ದಿತ್ತು. ಅವರು ಅದರ ಮೇಲೆ ಕಾಲಿಡುತ್ತಿರಲಿಲ್ಲ. ಉಳಿದ ಡಾಂಬರಿನ ಮೇಲೆ, ನಡುರಸ್ತೆಯಲ್ಲಿ, ಗಾಡಿಗಳು ಹಾರ್ನ್ ಹೊಡೆದರೂ ಸರಿಯದೆ ನಡೆಯುತ್ತಿದ್ದರು. ಕುಡಿದಿದ್ದಾರೆ ಎಂದುಕೊಂಡೆ. ಅವರ ಹೆಂಡತಿ ಒಂದು ದಿನ ಹೇಳಿದರು: “ಹೊಸಾ ಮಣ್ಣು ಕಂಡ್ರ ಕಾಲು ಇಡಂಗಿಲ್ರಿ ಅಣ್ಣಾರ. ಊರಾಗ ಬಿತ್ತಿದ ಹೊಲಕ್ಕೂ ಇಳಿಯಂಗಿಲ್ಲ. ಕುಡಿದ್ರಷ್ಟ ಕಣ್ಣು ಮುಚ್ಚತಾರ.” ರೈತನ ಮಗ ಉತ್ತ ಹೊಲಕ್ಕೆ ಇಳಿಯದಂತಾಗಿದ್ದರೆ ಅದಕ್ಕೆ ಬೇರೆ ಯಾವ ವೈದ್ಯರ ಚೀಟಿ ಬೇಕು?

ಆ ಓಣಿಯಲ್ಲೇ ಒಂದು ಸಂಜೆ ಊಟ ತಲುಪಿಸುವ ಹುಡುಗನೊಬ್ಬ ಹಿಂದಿನಿಂದ ಹಾರ್ನ್ ಹೊಡೆದು, ಮೈಗೆ ತಾಗುವಂತೆ ನುಗ್ಗಿದ. ಇವರು ಕೈಯಲ್ಲಿದ್ದ ಲಾಠಿ ಬೀಸಿದರು. ಹುಡುಗನ ಮಣಿಕಟ್ಟು ಮುರಿಯಿತು. ಮೂಳೆ ಮುರಿದರೆ ಕಾನೂನಿನ ಪ್ರಕಾರ ಅದು ತೀವ್ರ ಗಾಯ, ಏಳು ವರ್ಷದವರೆಗೆ ಶಿಕ್ಷೆ ಇದೆ. ಠಾಣೆಯಲ್ಲಿ ಆಗಿದ್ದೇ ಬೇರೆ. “ಮಿಲಿಟರಿಯವರಪ್ಪ, ಏನೋ ಆಗೋಯ್ತು. ಆಸ್ಪತ್ರೆ ಖರ್ಚು ಇಸ್ಕೊಂಡು ಬಿಟ್ಬಿಡು” ಎಂದರು ಪೊಲೀಸರು. ಪ್ಲಾಸ್ಟರ್ ಹಾಕಿದ ಬಲಗೈಯನ್ನು ಎಡಗೈಯಲ್ಲಿ ಹಿಡಿದು ಬೆಂಚಿನ ಮೇಲೆ ಕೂತಿದ್ದ ಆ ಹುಡುಗ ತಲೆಯಾಡಿಸಿದ. ಗಾಡಿ ಓಡಿಸದ ಅಷ್ಟೂ ದಿನಗಳ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಕೆಲವೇ ತಿಂಗಳಲ್ಲಿ ಅದೇ ಬೆಂಚಿನ ಮೇಲೆ ಹವಾಲ್ದಾರರ ಹೆಂಡತಿ ಕೂತಿದ್ದರು, ಒಂದು ಕಣ್ಣು ಊದಿಕೊಂಡು ಮುಚ್ಚಿತ್ತು. “ಕೇಸಾದ್ರೆ ಪಿಂಚಣಿಗೆ ತೊಂದ್ರೆಯಾಗುತ್ತೆ, ಯೋಚ್ನೆ ಮಾಡಮ್ಮ” ಎಂಬ ಬುದ್ಧಿಮಾತು ಕೇಳಿಸಿಕೊಂಡು ಮನೆಗೆ ಮರಳಿದರು.

ಮಾಜಿ ಸೈನಿಕರಿಗೆ ಪ್ರತ್ಯೇಕ ಚಿಕಿತ್ಸಾ ನ್ಯಾಯಾಲಯ ಬೇಕೇ ಎಂಬ ಪ್ರಶ್ನೆ ಎತ್ತಿದಾಗಲೆಲ್ಲ ಬರುವ ಮೊದಲ ಆಕ್ಷೇಪ, ಸೈನಿಕನಾದವನಿಗೆ ಯಾಕೆ ರಿಯಾಯಿತಿ ಎಂಬುದು. ನನ್ನ ಉತ್ತರ ನೇರವಾಗಿದೆ. ರಿಯಾಯಿತಿ ಈಗಲೇ ನಡೆಯುತ್ತಿದೆ. ಠಾಣೆಯ ಬೆಂಚಿನ ಮೇಲೆ, ದಾಖಲೆಯಿಲ್ಲದೆ, ಪೆಟ್ಟು ತಿಂದವರ ಖರ್ಚಿನಲ್ಲಿ ನಡೆಯುತ್ತಿದೆ. ಅದರಿಂದ ಹುಡುಗನಿಗೆ ನ್ಯಾಯ ಸಿಗಲಿಲ್ಲ, ಹೆಂಗಸಿಗೆ ರಕ್ಷಣೆ ಸಿಗಲಿಲ್ಲ, ಹವಾಲ್ದಾರರಿಗೆ ಚಿಕಿತ್ಸೆಯೂ ಸಿಗಲಿಲ್ಲ. ನಾನು ಕೇಳುತ್ತಿರುವ ಕೋರ್ಟು ಈ ರಾಜಿಗಿಂತ ಕಠಿಣವಾದದ್ದು.

ಅಮೆರಿಕದ ಬಫಲೋ ನಗರದಲ್ಲಿ 2008ರ ಜನವರಿಯಲ್ಲಿ ನ್ಯಾಯಾಧೀಶ ರಾಬರ್ಟ್ ರಸೆಲ್ ಇಂಥ ಕೋರ್ಟು ಆರಂಭಿಸಿದರು. ಅದಕ್ಕೂ ಮೊದಲು ಅವರ ಮುಂದೆ ವಿಯೆಟ್ನಾಂ ಯುದ್ಧದ ಸೈನಿಕನೊಬ್ಬ ಬಂದು ಯಾವುದಕ್ಕೂ ಬಾಯಿ ಬಿಡದೆ ನಿಲ್ಲುತ್ತಿದ್ದ. ಅದೇ ಯುದ್ಧದಲ್ಲಿದ್ದ ಇಬ್ಬರನ್ನು ಕರೆದು, ಇವನನ್ನು ಹೊರಗೆ ಕರೆದೊಯ್ದು ಮಾತಾಡಿಸಿ ಎಂದರು ರಸೆಲ್. ಮರಳಿ ಒಳಗೆ ಬಂದಾಗ ಅವನು ನೆಟ್ಟಗೆ ನಿಂತಿದ್ದ. ಅಲ್ಲಿಂದ ಹುಟ್ಟಿದ ಪದ್ಧತಿ ಇದು: ತಪ್ಪು ಒಪ್ಪಿಕೊಂಡವನು ಜೈಲಿನ ಬದಲು ವರ್ಷಕ್ಕೂ ಹೆಚ್ಚು ಕಾಲ ಚಿಕಿತ್ಸೆಗೆ ಹೋಗಬೇಕು, ಮದ್ಯ ಮುಟ್ಟಿಲ್ಲವೆಂಬ ಪರೀಕ್ಷೆ ಕೊಡಬೇಕು, ಮತ್ತೆ ಮತ್ತೆ ನ್ಯಾಯಾಧೀಶರ ಎದುರು ಬಂದು ನಿಲ್ಲಬೇಕು, ಪಕ್ಕದಲ್ಲಿ ಒಬ್ಬ ಹಿರಿಯ ಮಾಜಿ ಸೈನಿಕ ಮಾರ್ಗದರ್ಶಿಯಾಗಿರಬೇಕು. ತಪ್ಪಿಸಿಕೊಂಡರೆ ಹಳೆಯ ಕೇಸು, ಹಳೆಯ ಶಿಕ್ಷೆ. ಈಗ ಅಲ್ಲಿ ಅಂಥ ನೂರಾರು ಕೋರ್ಟುಗಳಿವೆ. ಬಫಲೋದ ಕೋರ್ಟು ಶುರುವಾದ ಮರುವರ್ಷ, 2009ರಲ್ಲಿ, ಕೊರಿಯಾ ಯುದ್ಧದಲ್ಲಿ ಹೋರಾಡಿದ್ದ ಜಾರ್ಜ್ ಪೋರ್ಟರ್ ಎಂಬಾತನ ಮರಣದಂಡನೆಯ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಯುದ್ಧ ಅವನ ಮನಸ್ಸಿಗೆ ಮಾಡಿದ್ದೇನೆಂದು ಜ್ಯೂರಿಯ ಮುಂದೆ ಇಡದಿದ್ದದ್ದು ವಕೀಲರ ಲೋಪ ಎಂದಿತು.

ನಮ್ಮಲ್ಲಿ ಸೇವೆಯಲ್ಲಿರುವಷ್ಟು ಕಾಲ ಸೈನ್ಯವೇ ಎಲ್ಲ ನೋಡಿಕೊಳ್ಳುತ್ತದೆ, ತನ್ನ ರೀತಿಯಲ್ಲಿ. ಕುಡಿದು ಸಿಕ್ಕಿಬಿದ್ದರೆ 1950ರ ಸೇನಾ ಕಾಯ್ದೆಯ 48ನೇ ಕಲಮಿನಡಿ ಶಿಕ್ಷೆ, ದಾಖಲೆಯಲ್ಲಿ ಕೆಂಪು ಶಾಯಿಯ ನಮೂದು. ನಾಲ್ಕು ಕೆಂಪು ನಮೂದಾದರೆ ಮನೆಗೆ ಕಳಿಸುವ ರೂಢಿ ಎಷ್ಟು ಯಾಂತ್ರಿಕವಾಗಿತ್ತೆಂದರೆ, 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಾಲ್ಕು ನಮೂದಾಯಿತೆಂದ ಮಾತ್ರಕ್ಕೆ ವಿಚಾರಣೆಯಿಲ್ಲದೆ ತೆಗೆದುಹಾಕುವಂತಿಲ್ಲ ಎಂದು ಹೇಳಬೇಕಾಯಿತು. ಹದಿನೈದು ವರ್ಷ ತುಂಬುವ ಮೊದಲೇ ಹಾಗೆ ಹೊರಬಿದ್ದ ಜವಾನನಿಗೆ ಸಾಮಾನ್ಯವಾಗಿ ಪಿಂಚಣಿ ಇಲ್ಲ. ಪಿಂಚಣಿ ಇಲ್ಲದವನಿಗೆ 2003ರಲ್ಲಿ ಶುರುವಾದ ಇಸಿಎಚ್‌ಎಸ್ ಆರೋಗ್ಯ ಯೋಜನೆಯ ಕಾರ್ಡೂ ಇಲ್ಲ. ಯಾರಿಗೆ ಚಿಕಿತ್ಸೆ ಹೆಚ್ಚು ಬೇಕೋ ಅವರೇ ಮೊದಲು ಬಾಗಿಲಾಚೆ ಬೀಳುತ್ತಾರೆ. ಇನ್ನು ಪಿಂಚಣಿ ಇದ್ದವರಿಗೆ ತಿಂಗಳು ತಿಂಗಳೂ ಹುದ್ದೆಗೆ ತಕ್ಕಂತೆ ಇಷ್ಟು ಬಾಟಲಿ ಎಂದು ಕ್ಯಾಂಟೀನಿನಲ್ಲಿ ಕಡಿಮೆ ದರದ ಮದ್ಯ ಉಂಟು. ನಿದ್ದೆ ಬಾರದವನಿಗೆ ಸರ್ಕಾರ ಕೊಡುವ ಔಷಧ ಅದೊಂದೇ ಆಗಿರುವುದು ನನಗೆ ನಾಚಿಕೆಯ ಸಂಗತಿಯಾಗಿ ಕಾಣುತ್ತದೆ.

ಬಹುಪಾಲು ಮಾಜಿ ಸೈನಿಕರು ಯಾರಿಗೂ ಕೇಡು ಬಗೆಯದೆ, ಮಕ್ಕಳ ಫೀಸು, ಸೈಟಿನ ಸಾಲ ಎಂದು ನಮ್ಮ ನಿಮ್ಮಂತೆಯೇ ಬದುಕುತ್ತಾರೆ. ಸೈನಿಕನೆಂದರೆ ಮನಸ್ಸು ಕೆಟ್ಟವನು ಎಂಬ ಹಣೆಪಟ್ಟಿ ಈ ಕೋರ್ಟಿನಿಂದ ಅಂಟಬಾರದು. ಅದಕ್ಕಾಗಿಯೇ ಅದು ಸೈನಿಕರಿಗೆ ಮಾತ್ರ ಎಂದು ಇರಬಾರದು ಎನ್ನುತ್ತೇನೆ. ಇಲ್ಲಿ ನಾನು ಅಮೆರಿಕದ ಮಾದರಿಯನ್ನು ಒಪ್ಪುವುದಿಲ್ಲ. ಸೇವೆಯ ಹೆಸರಿನಲ್ಲಿ ಬೇರೆ ಬಾಗಿಲು ತೆರೆಯುವುದು ಸರಿಯೇ ಎಂದು ಅಲ್ಲಿನ ನಾಗರಿಕ ಹಕ್ಕುಗಳ ಪರ ಇರುವವರೇ ಕೇಳಿದರು, ಅವರ ಪ್ರಶ್ನೆ ನ್ಯಾಯವಾದದ್ದು. ಪರಪ್ಪನ ಅಗ್ರಹಾರ ಜೈಲಿನ 5024 ಕೈದಿಗಳನ್ನು ಪರೀಕ್ಷಿಸಿ ನಿಮ್ಹಾನ್ಸ್ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿಗೆ ಮಾನಸಿಕ ಕಾಯಿಲೆಯೋ ವ್ಯಸನವೋ ಇತ್ತು. ವ್ಯಸನವನ್ನು ಬದಿಗಿಟ್ಟರೂ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಕಾಯಿಲೆ ಇತ್ತು. ಅವರಲ್ಲಿ ಆಟೋ ಓಡಿಸುವವರು, ಗಾರೆ ಕೆಲಸದವರು, ಕೆಲಸವೇ ಇಲ್ಲದವರು ಇರುತ್ತಾರೆ. ಬಾಗಿಲು ತೆರೆಯುವುದಾದರೆ ಅವರಿಗೂ ತೆರೆಯಬೇಕು. ಸೈನಿಕರಿಂದ ಆರಂಭಿಸೋಣ ಎನ್ನಲು ನನಗೆ ಇರುವ ಕಾರಣ ಒಂದೇ: ಅವರ ಗಾಯ ಸರ್ಕಾರವೇ ಕೊಟ್ಟ ಕೆಲಸದಲ್ಲಿ ಆದದ್ದು, ಅವರ ದಾಖಲೆ ಸರ್ಕಾರದ ಕೈಯಲ್ಲೇ ಇದೆ.

ಹೊಸ ಕಾನೂನು ಬರಲಿ ಎಂದು ಕಾಯಬೇಕಾಗಿಯೂ ಇಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 4ನೇ ಕಲಮು, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇಲ್ಲದ ಅಪರಾಧಗಳಲ್ಲಿ ತಪ್ಪಿತಸ್ಥನನ್ನು ಜೈಲಿಗೆ ಕಳಿಸದೆ, ಮೂರು ವರ್ಷದವರೆಗಿನ ಮುಚ್ಚಳಿಕೆ ಬರೆಸಿಕೊಂಡು, ಪರಿವೀಕ್ಷಣಾಧಿಕಾರಿಯ ನಿಗಾದಲ್ಲಿ ಬಿಡಲು ಅವಕಾಶ ಕೊಟ್ಟಿದೆ. ಮದ್ಯ ಮುಟ್ಟಬಾರದು ಎಂಬ ಷರತ್ತು ಹಾಕಬಹುದೆಂದು ಆ ಕಲಮಿನಲ್ಲೇ ಬರೆದಿದೆ. ಮಾದಕ ವಸ್ತುಗಳ ಕಾಯ್ದೆಯ 39ನೇ ಕಲಮು ವ್ಯಸನಿಯನ್ನು ಚಿಕಿತ್ಸೆಗೆ ಕಳಿಸಲು ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವನಿಗೆ ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಸೇರಿಸಿದೆ. ಇಷ್ಟೆಲ್ಲ ಪುಸ್ತಕದಲ್ಲಿದೆ. ಇವನ್ನೆಲ್ಲ ಒಂದೇ ಮೇಜಿಗೆ ತಂದು, ಒಬ್ಬರೇ ನ್ಯಾಯಾಧೀಶರು ತಿಂಗಳು ತಿಂಗಳೂ ಅದೇ ಮುಖವನ್ನು ನೋಡುವ ಏರ್ಪಾಡು ಮಾತ್ರ ಇಲ್ಲ.

ಶಾಸಕರು, ಸಂಸದರ ಮೇಲಿನ ಕ್ರಿಮಿನಲ್ ಪ್ರಕರಣಗಳಿಗೆ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯ ಇದೆ. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಮೇಯೋ ಹಾಲ್ ಸಂಕೀರ್ಣದ ಒಂದು ಮ್ಯಾಜಿಸ್ಟ್ರೇಟ್ ಕೋರ್ಟು ವಾರಕ್ಕೆ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಡಲಿ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ರೆಸಿಡೆನ್ಸಿ ರಸ್ತೆಯಲ್ಲಿ, ಸೈನಿಕ ಕಲ್ಯಾಣ ಇಲಾಖೆಯ ಫೀಲ್ಡ್ ಮಾರ್ಷಲ್ ಕಾರಿಯಪ್ಪ ಭವನ ಇದೆ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ಅದರಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಹಲಸೂರು, ಕಾಕ್ಸ್ ಟೌನ್, ಬಾಣಸವಾಡಿಗಳಲ್ಲಿ ಮಾರ್ಗದರ್ಶಿಗಳಾಗಲು ನಿವೃತ್ತ ಸುಬೇದಾರರು ಎಷ್ಟು ಮಂದಿ ಬೇಕು? ಹೆಂಡತಿಯ ಮಾತು, ವೈದ್ಯರ ಮಾತು ಕಿವಿಗೆ ಹಾಕಿಕೊಳ್ಳದ ಹವಾಲ್ದಾರರು ಸುಬೇದಾರ್ ಸಾಹೇಬರು ಬಾಗಿಲಿಗೆ ಬಂದರೆ ಎದ್ದು ನಿಲ್ಲುತ್ತಾರೆ. ನಮ್ಮ ಓಣಿಯಲ್ಲೇ ಅದನ್ನು ಕಂಡಿದ್ದೇನೆ. 2025ರ ಕಾರ್ಗಿಲ್ ವಿಜಯ ದಿವಸದಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ವೀರ ಪರಿವಾರ ಸಹಾಯತಾ ಯೋಜನೆ ಆರಂಭಿಸಿತು. ಸೈನಿಕ ಮಂಡಳಿಗಳಲ್ಲೇ ಕಾನೂನು ನೆರವು ಕೊಡುವ ಒಳ್ಳೆಯ ಯೋಜನೆ. ಗಡಿಯಲ್ಲಿರುವವನ ಜಮೀನು ವ್ಯಾಜ್ಯ, ಮನೆ ವ್ಯಾಜ್ಯಕ್ಕೆ ಅದು ಒದಗುತ್ತದೆ. ಆರೋಪಿಯಾಗಿ ಕಟಕಟೆಯಲ್ಲಿ ನಿಂತ ಮಾಜಿ ಸೈನಿಕನ ಕಡೆಗೂ ಅದು ತಿರುಗಿ ನೋಡಲಿ.

ಒಂದು ಮಾತಿನಲ್ಲಿ ನಾನು ಬಗ್ಗುವುದಿಲ್ಲ. ಕೊಲೆ, ಅತ್ಯಾಚಾರ, ಮಕ್ಕಳ ಮೇಲಿನ ದೌರ್ಜನ್ಯ ಈ ಕೋರ್ಟಿನ ಹತ್ತಿರ ಸುಳಿಯಬಾರದು. ಹೆಂಡತಿಯ ಮೇಲೆ ಕೈ ಮಾಡಿದ ಪ್ರಕರಣವಾದರೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣಾ ಆದೇಶ ಮೊದಲು ಆಕೆಯ ಕೈಗೆ ಬರಬೇಕು, ಆಮೇಲೆ ಆತನ ಚಿಕಿತ್ಸೆಯ ಮಾತು. ಪ್ರತಿ ಹಾಜರಿಯಲ್ಲೂ ಆಕೆಯನ್ನು ಬೇರೆಯಾಗಿ ಕೂರಿಸಿ ಕೇಳಬೇಕು. ಮಣಿಕಟ್ಟು ಮುರಿಸಿಕೊಂಡ ಹುಡುಗನ ಕೂಲಿ ಪೂರ್ತಿ ಸಂದಾಯವಾಗದೆ ಯಾರ ಮುಚ್ಚಳಿಕೆಯೂ ಮುಗಿಯಬಾರದು. ಗಂಡನ ಗಾಯವನ್ನು ವಾಸಿ ಮಾಡುವ ಹೊಣೆಯನ್ನು ಇಷ್ಟು ವರ್ಷ ಹೆಂಡತಿಯರ ಮೈಮೇಲೆ ಹಾಕಿದ್ದೇವೆ. ಚಿಕಿತ್ಸೆ ಎಂಬ ಹೆಸರಿಟ್ಟು ಮತ್ತೆ ಅದನ್ನೇ ಮಾಡುವುದಾದರೆ ಈ ಕೋರ್ಟು ಬೇಡವೇ ಬೇಡ.

ಇದಕ್ಕೆ ಹೈಕೋರ್ಟಿನ ಒಂದು ಸುತ್ತೋಲೆ ಸಾಕು, ಸಮಾಜ ಕಾರ್ಯ ಓದಿದ ಪರಿವೀಕ್ಷಣಾಧಿಕಾರಿಗಳು ನಾಲ್ಕೈದು ಮಂದಿ ಸಾಕು. ತಡ ಮಾಡಲು ಸಮಯವೂ ಉಳಿದಿಲ್ಲ. ಅಗ್ನಿಪಥ ಯೋಜನೆಯಲ್ಲಿ 2022ರ ಕೊನೆಗೆ ತರಬೇತಿ ಕೇಂದ್ರ ಸೇರಿದ ಮೊದಲ ತಂಡದ ನಾಲ್ಕು ವರ್ಷದ ಸೇವೆ 2026ರ ಕೊನೆಗೆ ಮುಗಿಯುತ್ತದೆ. ಯೋಜನೆಯ ನಿಯಮದಂತೆ ಸೈನ್ಯದಲ್ಲಿ ಉಳಿಯುವವರು ನಾಲ್ವರಲ್ಲಿ ಹೆಚ್ಚೆಂದರೆ ಒಬ್ಬರು. ಉಳಿದ ಮೂವರು ಇಪ್ಪತ್ತೈದರ ಆಸುಪಾಸಿನಲ್ಲೇ ಊರಿಗೆ ಮರಳುತ್ತಾರೆ. ಅವರಿಗೆ ಪಿಂಚಣಿ ಇಲ್ಲ, ಇಸಿಎಚ್‌ಎಸ್ ಕಾರ್ಡು ಇಲ್ಲ, ಮಾಜಿ ಸೈನಿಕ ಎಂಬ ಹೆಸರೂ ಇಲ್ಲ.