ಶಾಂತಿ ಸಭೆಗೆ ಕರೆಯುವವರಿಗೆ



ಒಂದು ಹಳ್ಳಿಯಲ್ಲಿ ನಮ್ಮವರಿಗೆ ಬಹಿಷ್ಕಾರ ಬಿತ್ತು ಅನ್ನಿ. ಅಂಗಡಿಯಲ್ಲಿ ಸಾಮಾನು ಕೊಡಲ್ಲ, ಕೂಲಿಗೆ ಕರೆಯಲ್ಲ, ಹಿಟ್ಟಿನ ಗಿರಣಿ ಹತ್ತಿರ ಸೇರಿಸಲ್ಲ. ನಾಲ್ಕು ದಿನ ಬಿಟ್ಟು ತಾಲ್ಲೂಕಿನಿಂದ ಸಾಹೇಬರು ಬರುತ್ತಾರೆ. 'ಎರಡೂ ಕಡೆಯವರು ಕೂತು ಮಾತಾಡ್ಕೊಳ್ರಪ್ಪ, ಎರಡೂ ಕಡೆ ಉಗ್ರರು ಸುಮ್ನಿರ್ಲಿ' ಅಂತಾರೆ. ಹೊಡೆದವನೂ ಉಗ್ರ, ಹೊಡೆಸಿಕೊಂಡು ಕೂಗಿದವನೂ ಉಗ್ರ! ಈ ತಕ್ಕಡಿ ಯಾರ ಅಂಗಡಿಯದು ಸ್ವಾಮಿ?

ನಮ್ಮೊಳಗೂ ಒಮ್ಮತವಿಲ್ಲ. ಮಾತುಕತೆಯೇ ಬೇಡ ಅನ್ನುವ ಹುಡುಗರಿದ್ದಾರೆ. ಕರೆದಾಗೆಲ್ಲ ಹೋಗಿ ಚಾಪೆಯ ತುದಿಯಲ್ಲಿ ಕೂತು ಬರುವ ಹಿರಿಯರಿದ್ದಾರೆ. ಇಬ್ಬರಿಗೂ ಮಹಾಡಿನ ಸಂಗತಿಯನ್ನು ಮತ್ತೆ ಹೇಳಬೇಕಾಗಿದೆ.

ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಮುಂಬಯಿ ಶಾಸನ ಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡಿನ ಪುರಸಭೆಯೂ ಅದಕ್ಕೆ ಒಪ್ಪಿತ್ತು. ಎಲ್ಲ ಕಾಗದದ ಮೇಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಅಷ್ಟೇ ಮಾಡಿದ್ದು. ದೇವಸ್ಥಾನಕ್ಕೆ ನುಗ್ತಾರಂತೆ ಅಂತ ಪುಕಾರು ಎದ್ದಿತು. ದೊಣ್ಣೆ ಹಿಡಿದು ಬಂದವರು ನಮ್ಮವರನ್ನು ಬಡಿದರು. ಆಮೇಲೆ ಸಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಕಾನೂನು ಕೊಟ್ಟ ನೀರು ಕುಡಿದವನು ಉಗ್ರನೋ, ದೊಣ್ಣೆಯಲ್ಲಿ ಉತ್ತರ ಹೇಳಿದವನು ಉಗ್ರನೋ?

ಆ ಡಿಸೆಂಬರಿನಲ್ಲಿ ಸವರ್ಣರು ಕೆರೆ ಖಾಸಗಿ ಸ್ವತ್ತೆಂದು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಸತ್ಯಾಗ್ರಹಕ್ಕೆ ಬಂದ ಜನ ಕುದಿಯುತ್ತಿದ್ದರು. ಬಾಬಾಸಾಹೇಬರು ಕೆರೆಗೆ ಇಳಿಯಲು ಬಿಡಲಿಲ್ಲ. ಕೋರ್ಟಿನಲ್ಲಿ ಮಾತಿಗೆ ಮಾತು ಇದೆ, ಸಾಕ್ಷಿಗೆ ಬೆಲೆ ಇದೆ, ಹಾಗಾಗಿ ಅಲ್ಲಿ ವಾದಿಸಿದರು. 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದರು. ಆದರೆ ನಾವು ಮನುಷ್ಯರೋ ಅಲ್ಲವೋ ಅನ್ನೋದನ್ನ ಯಾರ ಮುಂದೆಯೂ ಚರ್ಚೆಗೆ ಇಡಲಿಲ್ಲ. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟರು. ಆ ನಿರ್ಣಯ ಮಂಡಿಸಿದ ಸಹಸ್ರಬುದ್ಧೆ ಹುಟ್ಟಿನಿಂದ ಬ್ರಾಹ್ಮಣರು. ಬ್ರಾಹ್ಮಣರನ್ನು ಹೊರಗಿಟ್ಟರೆ ಬೆಂಬಲಿಸುತ್ತೇವೆ ಎಂದ ಬ್ರಾಹ್ಮಣೇತರ ಮುಖಂಡರ ಷರತ್ತನ್ನು ಬಾಬಾಸಾಹೇಬರು ತಳ್ಳಿಹಾಕಿದ್ದರು. ಹುಟ್ಟು ನೋಡಿ ಶತ್ರು ಆರಿಸುವ ನಮ್ಮ ಹುಡುಗರು ಇದನ್ನ ಎರಡು ಸಲ ಓದಲಿ.

ಇನ್ನು ಗಾಂಧಿ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಬಾಬಾಸಾಹೇಬರನ್ನು ಭಾಷಣಕ್ಕೆ ಕರೆದು, ಭಾಷಣದ ಪ್ರತಿ ನೋಡಿ ಹೆದರಿ, ಸಭೆಯನ್ನೇ ರದ್ದು ಮಾಡಿತು. ಅವರು ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಗಾಂಧಿ 'ಹರಿಜನ'ದಲ್ಲಿ ಎದುರು ಬರೆದರು. ವರ್ಣವನ್ನು ಬಿಡಲಿಲ್ಲ, ಎಂಟಾಣೆ ಬೆಲೆ ಜಾಸ್ತಿ ಅಂತಲೂ ಗೊಣಗಿದರು. (ನಮ್ಮ ಬುಲೆಟಿನ್ನಿನ ಬೆಲೆಗೂ ದೂರು ಬಂದಿದೆ, ಇರಲಿ.) ಆದರೆ ಸುಧಾರಕರು ಈ ಭಾಷಣವನ್ನು ಕಡೆಗಣಿಸುವಂತಿಲ್ಲ ಅಂತಲೂ ಬರೆದರು. ಬಾಬಾಸಾಹೇಬರು ಎರಡನೇ ಮುದ್ರಣದಲ್ಲಿ ಗಾಂಧಿಯ ಮಾತನ್ನೂ ಸೇರಿಸಿ, ಅದರ ಪಕ್ಕದಲ್ಲೇ ಉತ್ತರ ಕೊಟ್ಟರು. ಇಬ್ಬರ ನಡುವೆ ಬೆಟ್ಟದಷ್ಟು ಅಂತರ. ಆದರೂ ವಾದ ನಡೆಯಿತು, ಯಾಕಂದರೆ ಇಬ್ಬರೂ ಎದುರಿನವನ ಮಾತನ್ನು ಜನರ ಕಣ್ಣಿಗೆ ಬೀಳಿಸಿದರು.

ಅಂಥವರು ಊರಲ್ಲಿ ಇವತ್ತೂ ಇದ್ದಾರೆ. ಮೀಸಲಾತಿ ತಪ್ಪು ಅನ್ನುವ ಮೇಷ್ಟ್ರು, ದೇವಸ್ಥಾನದ ವಿಷಯ ನಿಧಾನವಾಗಲಿ ಅನ್ನುವ ಮೇಲ್ಜಾತಿಯ ರೈತ. ಇವರ ಜೊತೆ ರಾತ್ರಿಯಿಡೀ ಬೇಕಾದರೂ ಜಗಳ ಆಡೋಣ, ಬೆಳಿಗ್ಗೆ ಟೀ ಕುಡಿಯೋಣ. ಅಂಗಡಿ ಮುಚ್ಚಿಸಿ, ಹಸಿವಿನಿಂದ ಹಣಿಯಲು ಕೂತವನದು ಅಭಿಪ್ರಾಯವಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಬಂದ ತಿದ್ದುಪಡಿ ಪ್ರಕಾರ ಬಹಿಷ್ಕಾರ ಹಾಕುವುದೂ ಅಪರಾಧ, ಹಾಕ್ತೀವಿ ಅಂತ ಹೆದರಿಸುವುದೂ ಅಪರಾಧ. ಸಾಹೇಬರೇ, ಮೊದಲು ಎಫ್.ಐ.ಆರ್. ಬರೀರಿ.

ಶಾಂತಿ ಸಭೆಗೂ ಬರ್ತೀವಿ. ಅಂಗಡಿ ಬಾಗಿಲು ತೆಗೀಲಿ, ಕೂಲಿಗೆ ಕರೀಲಿ. ಸಭೆ ನಮ್ಮ ಕೇರಿಯಲ್ಲಿ ನಡೀಲಿ. ಚಾಪೆ ನಾವೇ ಹಾಸ್ತೀವಿ, ಕುಡಿಯೋಕೆ ನೀರೂ ನಾವೇ ಕೊಡ್ತೀವಿ.