ಕಬ್ಬಿಣ ಹೋಯಿತು, ಸೀಸ ಬಂತು

ಕೂಲಿ, ಬೋನಸ್ಸು, ಧಾರಣೆಗಳ ಮಾತು ಈ ಪುಟಗಳಲ್ಲಿ ಎಷ್ಟೋ ಸಲ ಬಂದಿದೆ. ದುಡಿಯುವವರ ರಕ್ತದಲ್ಲಿ ಕಬ್ಬಿಣ ಎಷ್ಟಿದೆ ಎಂಬ ಲೆಕ್ಕವೂ ನಮ್ಮದೇ ಲೆಕ್ಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ. 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ. ಪಾಳಿಯ ನಡುವೆ ತಲೆಸುತ್ತು ಬಂದು ಕುಳಿತ ಹೆಣ್ಣುಮಗಳನ್ನು ಸೋಮಾರಿ ಎನ್ನುವ ಮೇಸ್ತ್ರಿ ಈ ಅಂಕಿಗಳನ್ನು ಓದಲಿ.

ಕಾಖಂಡಕಿಯ ಸುತ್ತಲಿನ ಎರೆಭೂಮಿ ಹಿಂಗಾರಿ ಬಿಳಿಜೋಳದ ಭೂಮಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 4 ಮಿ.ಗ್ರಾಂ ಕಬ್ಬಿಣವಿದೆ, ಸಜ್ಜೆಯಲ್ಲಿ 6ಕ್ಕೂ ಮೇಲೆ. ಗಿರಣಿಯಲ್ಲಿ ಬೆಳ್ಳಗೆ ಮಾಡಿದ ಅಕ್ಕಿಯಲ್ಲಿ 0.65 ಮಾತ್ರ. ಅಕ್ಕಿ ಬೇಡವೆಂದು ನಾನು ಹೇಳುತ್ತಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದಾಗ ಎಷ್ಟೋ ಮನೆಗಳ ಒಲೆ ಹೊತ್ತಿತು. ಅದನ್ನು ಹಂಗಿಸುವವರು ಹಸಿವು ಕಂಡವರಲ್ಲ. ಆದರೆ ಜೋಳ ಬೆಳೆಯುವ ಸೀಮೆಯ ಬಡವನೇ ಪೇಟೆಯ ಧಾರಣೆಗೆ ಜೋಳ ಕೊಳ್ಳಲಾರದೆ ಬರೀ ಅನ್ನ ಉಂಡರೆ ಹೊಟ್ಟೆ ತುಂಬೀತು, ರಕ್ತ ತುಂಬದು.

ರೊಟ್ಟಿಯೊಡನೆ ಉಳ್ಳಾಗಡ್ಡಿ ಗುದ್ದಿ ತಿನ್ನುವುದು ನಮ್ಮ ಹಿರಿಯರ ರೂಢಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಸೇರಿದರೆ ಕಾಳುಕಡಿಯ ಕಬ್ಬಿಣವೂ ಸತುವೂ ದೇಹಕ್ಕೆ ಹೆಚ್ಚು ದಕ್ಕುವ ರೂಪಕ್ಕೆ ಬರುತ್ತವೆಂದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು 2010ರಲ್ಲಿ ತೋರಿಸಿದರು. ಊಟದ ಬೆನ್ನಿಗೇ ಕುಡಿಯುವ ಚಹಾ ಮಾತ್ರ ಆ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಒಂದು ತಾಸು ತಡೆಯಿರಿ.

ಇನ್ನು ಸೀಸ. ಕಬ್ಬಿಣ ಸಾಲದ ದೇಹದ ಕರುಳು ಅದಕ್ಕಾಗಿ ಅಗಲವಾಗಿ ತೆರೆದ ಬಾಗಿಲಲ್ಲೇ ಸೀಸವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಹೀಗಾಗಿ ಒಂದೇ ವಿಷ ಸಾಹುಕಾರನ ಮಗನಿಗಿಂತ ಹಮಾಲನ ಮಗನಿಗೆ ಹೆಚ್ಚು ತಟ್ಟುತ್ತದೆ. ಕೂಸಿನ ಮಿದುಳಿಗೆ ಆದ ಹಾನಿ ಮರಳಿ ಸರಿಹೋಗದು. ಅದು ಬರುವ ದಾರಿಗಳಲ್ಲಿ ಒಂದು ಅರಿಷಿಣ. ಮಂಕಾದ ಕೊಂಬು ಹೊಳೆಯಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಹಚ್ಚುವವರಿದ್ದಾರೆ. ಕಾನೂನಿನ ಮಿತಿ ಕಿಲೋಗೆ 10 ಮಿ.ಗ್ರಾಂ ಸೀಸ; 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಾಟ್ನಾ, ಗುವಾಹಟಿಗಳ ಮಾದರಿಗಳಲ್ಲಿ ಅದು 1,000 ದಾಟಿತ್ತು.

ಕಿರಾಣಿ ಅಂಗಡಿಯ ಬಂಧುಗಳೇ, ಬಣ್ಣ ಹಚ್ಚಿದವರು ನೀವಲ್ಲ. ಆದರೂ ಇನ್ಸ್‌ಪೆಕ್ಟರು ಮೊದಲು ಮಾದರಿ ಒಯ್ಯುವುದು ನಿಮ್ಮ ಡಬ್ಬಿಯಿಂದ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ, ಮಾಲು ಯಾರಿಂದ ಬಂತೆಂದು ತೋರಿಸಲಾಗದ ಅಂಗಡಿಕಾರನೇ ಹೊಣೆ. ಚೀಟಿಯಿಲ್ಲದ ಮಾಲು ಎರಡು ರೂಪಾಯಿ ಅಗ್ಗವಾದರೂ ಕೊಳ್ಳಬೇಡಿ. ಗಿರಾಕಿಗಳೂ ಕಣ್ಣು ಕುಕ್ಕುವ ಹಳದಿಯನ್ನೇ ಕೇಳುವುದನ್ನು ಬಿಡಲಿ.

ಬಾಂಗ್ಲಾದೇಶದ ಪೇಟೆಗಳಲ್ಲಿ 2019ರಲ್ಲಿ ಅರಿಷಿಣದ ನೂರು ಮಾದರಿಗಳಲ್ಲಿ 47ರಲ್ಲಿ ಸೀಸ ಕಂಡಿತ್ತು. ಅಲ್ಲಿ ಸಗಟು ವ್ಯಾಪಾರಿಗಳಿಗೆ ದಂಡ ಬಿತ್ತು, ಪಾಲಿಶ್ ಗಿರಣಿಗಳ ಮೇಲೆ ಕಣ್ಣಿಟ್ಟರು, ಜನರಿಗೆ ತಿಳಿವಳಿಕೆ ಹೇಳಿದರು; 2021ಕ್ಕೆ ಆ ಸಂಖ್ಯೆ ಸೊನ್ನೆಗೆ ಇಳಿಯಿತು. ವಿಜಯಪುರದಲ್ಲಿಯೂ ತಪಾಸಣೆ ಅಡತಿ ಅಂಗಡಿ, ಪುಡಿ ಗಿರಣಿಗಳಿಂದ ಶುರುವಾಗಲಿ. ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಸಂತೆಯಲ್ಲಿ ಹಚ್ಚಲಿ. ರೇಷನ್ ಅಂಗಡಿಯಲ್ಲಿ ಜೋಳ ವರ್ಷವಿಡೀ ಸಿಗಲಿ, ಅದನ್ನು ಕಾಖಂಡಕಿ, ಬಬಲೇಶ್ವರದ ರೈತರಿಂದಲೇ ಬೆಂಬಲ ಬೆಲೆಗೆ ಕೊಳ್ಳಲಿ.